ಟೊಪ್ಪಿಗೆ ಮುಟ್ಟಿದ ಮೇಲಿನ ಸನ್ನೆ

ಈ ಕಥೆ ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಹೇಳುವವರಿಗೆ ಬೇಸ್‌ಬಾಲ್ ಆಟ ಪೂರ್ತಿ ತಿಳಿಯದು. ಇನ್ನೊಬ್ಬರ ಮನೆಯ ಮಾತನ್ನು ನಾಲ್ಕು ಜನರ ಮುಂದೆ ಇಡುವ ಅಧಿಕಾರವೂ ಇಲ್ಲ. ಸತ್ಯಭಾಮಾ ಗಲಗಲಿಯವರು ತಾವಾಗಿ ಹೇಳಿದ್ದು ಅರ್ಧ, ಅವರ ಸೊಸೆ ಹೇಳಿದ್ದು ಕಾಲು. ಉಳಿದ ಕಾಲು ಭಾಗ ಊಹೆ. ತಪ್ಪಿದ್ದರೆ ಅದು ಈ ಕಥೆ ಹೇಳುವವರದು, ಆ ಮನೆಯವರದಲ್ಲ.

ಸತ್ಯಭಾಮಾ ಅವರ ಗಂಡ ವಿಶ್ವೇಶ್ವರ ಧಾರವಾಡದಿಂದ ಕೆನಡಾಕ್ಕೆ ಬಂದದ್ದು ಎಪ್ಪತ್ತೊಂದರಲ್ಲಿ. ಟೊರಾಂಟೊ ಪಕ್ಕದ ಒಂದು ಕಾಲೇಜಿನಲ್ಲಿ ಭೂಮಿ ಅಳೆಯುವ ವಿದ್ಯೆ ಕಲಿಸುವ ಮಾಸ್ತರಿಕೆ. ಊರಲ್ಲಿ ಕ್ರಿಕೆಟ್ ಆಡಿದ ಕೈ ಸುಮ್ಮನಿರಲಾರದೆ, ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ಸ್ಕೋರು ಬರೆಯಲು ಹೋದರು. ಆಮೇಲೆ ಹುಡುಗರಿಗೆ ಕ್ಯಾಚು ಹಿಡಿಯುವುದನ್ನು ತೋರಿಸಿದರು. ಎಂಬತ್ತೆರಡರಲ್ಲಿ ಹಳೆಯ ಕೋಚು ಬಿಟ್ಟುಹೋದಾಗ ಒಂದು ವರ್ಷದ ಮಟ್ಟಿಗೆ ನೋಡಿಕೊಳ್ಳುತ್ತೇನೆ ಎಂದು ಒಪ್ಪಿದರು. ಆ ಒಂದು ವರ್ಷ ಮೂವತ್ತಾಯಿತು. 2008ರಲ್ಲಿ ಮಾಸ್ತರಿಕೆಯಿಂದ ನಿವೃತ್ತರಾದರೂ ಕೋಚಿನ ಟೊಪ್ಪಿಗೆ ತಲೆಯಿಂದ ಇಳಿಯಲಿಲ್ಲ.

ಆ ಮೂವತ್ತು ವರ್ಷದ ಅರ್ಧ ದುಡಿಮೆ ಸತ್ಯಭಾಮಾ ಅವರದೇ ಎಂದರೆ ಸುಳ್ಳಲ್ಲ. ಅಲ್ಲಿಯ ಕಾಲೇಜು ಬೇಸ್‌ಬಾಲ್ ಸೆಪ್ಟೆಂಬರ್, ಅಕ್ಟೋಬರ್ ಎರಡೇ ತಿಂಗಳ ಆಟ. ಆ ಎರಡು ತಿಂಗಳ ಪ್ರತಿ ಶನಿವಾರ ಬೆಳಿಗ್ಗೆ ಐದಕ್ಕೆ ಎದ್ದು ಅರವತ್ತು ಚಪಾತಿ ಲಟ್ಟಿಸಿ, ಬಟಾಟಿ ಪಲ್ಯ ಇಟ್ಟು ಸುತ್ತಿ, ಶೇಂಗಾ ಹಿಂಡಿಯ ಚಟ್ನಿಪುಡಿ ಉದುರಿಸಿ ಡಬ್ಬಿಗೆ ತುಂಬುತ್ತಿದ್ದರು. ಹುಡುಗರಿಗೆ ಅವರು ಕೋಚ್ ವಿ, ಈಕೆ ಮಿಸೆಸ್ ವಿ. ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಆಟ ನೋಡುತ್ತ ನೋಡುತ್ತ ಆಟಕ್ಕಿಂತ ಚೆನ್ನಾಗಿ ಗಂಡನ ಕೈಸನ್ನೆಗಳನ್ನು ಕಲಿತುಬಿಟ್ಟರು.

ಕೋಚು ಮೂರನೆಯ ಬೇಸಿನ, ಅಂದರೆ ಓಟಗಾರ ಮುಟ್ಟಿ ನಿಲ್ಲುವ ಮೂರನೆಯ ಠಾಣೆಯ ಪಕ್ಕ ನಿಂತು ಮೂಗು, ಕಿವಿ, ಎದೆ, ನಡುಪಟ್ಟಿ ಏನೇನೋ ಮುಟ್ಟುತ್ತಾರೆ. ಎದುರಾಳಿಯನ್ನು ಮಂಕು ಮಾಡಲು ಮಾಡುವ ಆಟ ಅದು. ಟೊಪ್ಪಿಗೆ ಮುಟ್ಟಿದ ಮೇಲೆ ಮೊದಲು ಏನನ್ನು ಮುಟ್ಟುತ್ತಾರೋ ಅದೊಂದೇ ಓಟಗಾರನಿಗೆ ನಿಜವಾದ ಅಪ್ಪಣೆ. ಎದೆ ಎಂದರೆ ನಿಲ್ಲು. ನಡುಪಟ್ಟಿ ಎಂದರೆ ಓಡು. ಅಂಗೈಯಿಂದ ಇನ್ನೊಂದು ತೋಳನ್ನು ಭುಜದಿಂದ ಮಣಿಕಟ್ಟಿನವರೆಗೆ ಸವರಿದರೆ ಇದುವರೆಗೆ ಹೇಳಿದ್ದೆಲ್ಲ ರದ್ದು. ಗಂಡ ಹೆಂಡತಿ ಇದನ್ನು ಮನೆಗೂ ತಂದಿದ್ದರು. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಮಾತು ಉದ್ದವಾದಾಗ ವಿಶ್ವೇಶ್ವರ ತಲೆ ಕೆರೆದು ನಡುಪಟ್ಟಿ ಮುಟ್ಟುವರು. ಈಕೆ ಚೀಲ ಎತ್ತಿಕೊಂಡು "ಬರ್ತೇವ್ರಿ" ಎನ್ನುವರು.

ಒಂದು ನಿಯಮವನ್ನು ಮಾತ್ರ ವಿಶ್ವೇಶ್ವರ ಯಾರಿಗೂ ಸಡಿಲಿಸಲಿಲ್ಲ. ಸನ್ನೆ ತಪ್ಪಿಸಿದವನು ಎರಡು ಆಟ ಹೊರಗೆ ಕೂಡಬೇಕು. ಅದಕ್ಕೂ ಮೊದಲು ತಂಡದ ಎದುರು "ನಾನು ತಪ್ಪಿಸಿದೆ" ಎನ್ನಬೇಕು. ತೊಂಬತ್ತಮೂರರಲ್ಲಿ ತಂಡದಲ್ಲಿದ್ದ ಸ್ವಂತ ಮಗ ಸಾಕೇತನನ್ನೂ ಹೀಗೇ ಕೂಡಿಸಿದ್ದರು. ಆಗ ಸಾಕ್ಷಿ ಹೇಳಿದವರು ಸತ್ಯಭಾಮಾ. ಸಾಕೇತ ಮುಂದಿನ ವರ್ಷ ತಂಡಕ್ಕೆ ಸೇರಲಿಲ್ಲ.

2011ರ ಬೇಸಿಗೆಯಲ್ಲಿ ವಿಶ್ವೇಶ್ವರರ ಬಲಗೈ ನಡುಗತೊಡಗಿತು. ಎರಿನ್ ಮಿಲ್ಸ್ ಬಡಾವಣೆಯ ಅವರ ಮನೆಯಲ್ಲಿ ಆಗ ಐದು ಜನ: ಇವರಿಬ್ಬರು, ಸಾಕೇತ, ಸೊಸೆ ರಾಧಿಕಾ, ಹದಿನಾಲ್ಕು ವರ್ಷದ ಮೊಮ್ಮಗಳು ಈಶಾ. ಬೆಂಗಳೂರಿನಲ್ಲಿ ಬೆಳೆದ ರಾಧಿಕಾ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಮೊದಲು ಕಂಡವಳು ಅವಳೇ.

"ಮಾವ, ಆ ಕಪ್ ನೋಡಿ. ಸಾಸರ್ ಮೇಲೆ ಟಕಟಕ ಅಂತಿದೆ."

"ಚಾ ಬಿಸಿ ಅದ ಅದಕ್ಕ."

"ಚಾ ಬಿಸಿ ಇದ್ರೆ ಕೈ ನಡುಗುತ್ತಾ? ಲಕ್ಷ್ಮೀನಾರಾಯಣ ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೋತೀನಿ."

"ಸೀಸನ್ ಮುಗೀಲಿ ತಂಗಿ. ಮೂವತ್ತನೇ ವರ್ಷ. ಕಾಲೇಜಿನವರು ಕಡೀ ಆಟದಾಗ ಸನ್ಮಾನ ಇಟ್ಟಾರ. ಈಗ ಡಾಕ್ಟರ್ ಗೀಕ್ಟರ್ ಬ್ಯಾಡ."

ರಾಧಿಕಾ ಅತ್ತೆಯ ಕಡೆ ನೋಡಿದಳು. ಸತ್ಯಭಾಮಾ ಒಲೆಯ ಕಡೆ ತಿರುಗಿ, "ಎರಡು ತಿಂಗಳಿನ ಮಾತು. ಆಗಲಿ ಬಿಡು," ಎಂದರು. ಅಂದಿನಿಂದ ವಿಶ್ವೇಶ್ವರರ ಬಲಗೈ ಪ್ಯಾಂಟಿನ ಹಿಂದಿನ ಜೇಬಿನಲ್ಲಿಯೇ ಇರತೊಡಗಿತು.

ಆ ವರ್ಷ ತಂಡದ ಕ್ಯಾಪ್ಟನ್ ಡೆವನ್ ರಾಮ್‌ಸರೂಪ್. ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿನವನು, ಗಯಾನಾದಿಂದ ಬಂದ ಭಾರತೀಯ ಮೂಲದ ಮನೆತನ. ತಾಯಿ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಬೆಳಗಿನ ಶಿಫ್ಟು. ಅರವತ್ತು ಚಪಾತಿಯಲ್ಲಿ ಆರು ಇವನ ಪಾಲೇ. "ಮಿಸೆಸ್ ವಿ, ನಮ್ಮ ಅಜ್ಜಿಯ ರೋಟಿ ಇದಕ್ಕಿಂತ ದಪ್ಪ, ಆದರೆ ಅವಳಿಗೆ ಹೇಳಬೇಡಿ," ಎಂದು ಪ್ರತಿ ಶನಿವಾರ ಅದೇ ಚೇಷ್ಟೆ.

ಸೆಪ್ಟೆಂಬರ್ ಹದಿನೇಳರ ಆಟಕ್ಕೆ ಗಡಿಯಾಚೆ ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ಒಬ್ಬ ಮನುಷ್ಯ ಡೆವನ್‌ನನ್ನು ನೋಡಲೆಂದೇ ಬಂದಿದ್ದ. ಹಿಡಿಸಿದರೆ ಫೀ ಇಲ್ಲದೆ ಓದು, ಆಟ ಎರಡೂ. ಮತ್ತೊಮ್ಮೆ ಅಕ್ಟೋಬರ್ ಎಂಟಕ್ಕೆ ಬಂದು ನೋಡಿ ನಿರ್ಧಾರ ಹೇಳುವವನಿದ್ದ.

ಕಡೆಯ ಸರದಿ. ಒಂದೇ ರನ್ ಹಿಂದೆ. ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಡೆವನ್ ಎರಡನೆಯ ಬೇಸಿನಲ್ಲಿ ನಿಂತು ಕೋಚಿನ ಕಡೆ ನೋಡುತ್ತಿದ್ದ. ವಿಶ್ವೇಶ್ವರ ಜೇಬಿನಿಂದ ಕೈ ತೆಗೆದರು. ಮೂಗು, ಕಿವಿ, ಟೊಪ್ಪಿಗೆ. ಆಮೇಲೆ ಎದೆಗೆ ಹೋಗಬೇಕಾಗಿದ್ದ ಕೈ ಒಂದು ಗೇಣು ಕೆಳಗೆ ಜಾರಿ, ನಡುಪಟ್ಟಿಯ ಮೇಲೆ ಎರಡು ಸಲ ತಟತಟ ಬಡಿದು, ನಂತರ ಎದೆಗೆ ಏರಿತು.

ಸತ್ಯಭಾಮಾ ಕುರ್ಚಿಯಿಂದ ಅರ್ಧ ಎದ್ದರು. ಅಷ್ಟರಲ್ಲಿ ಡೆವನ್ ಓಡಿದ್ದ. ಚೆಂಡು ಅವನಿಗಿಂತ ಮುಂಚೆ ಮೂರನೆಯ ಬೇಸಿಗೆ ಬಂದಿತ್ತು; ಅವನು ಔಟ್. ಆಟ ಮುಗಿಯಿತು.

"ನಿಲ್ಲು ಅಂತ ಹೇಳಿದ್ದೆ," ಎಂದರು ಕೋಚು ಇಂಗ್ಲಿಷಿನಲ್ಲಿ.

"ಇಲ್ಲ ಕೋಚ್. ಟೊಪ್ಪಿಗೆ, ನಡುಪಟ್ಟಿ."

"ತಪ್ಪಿಸಿದೆ ಅನ್ನು. ಎರಡು ಆಟ ಕೂಡು. ಎಂಟನೇ ತಾರೀಖಿಗೆ ವಾಪಸ್ ಬಂದಿರ್ತೀ."

"ತಪ್ಪಿಸಿಲ್ಲ. ತಪ್ಪಿಸಿದೆ ಅಂತ ಹೇಗೆ ಹೇಳಲಿ?"

ಆ ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತಾಗ ವಿಶ್ವೇಶ್ವರ ರೊಟ್ಟಿ ಮುರಿಯದೆ ತಟ್ಟೆ ನೋಡುತ್ತ ಕೇಳಿದರು.

"ಸತ್ಯಾ, ನೀ ನೋಡ್ಲಿಕ್ಕೆ ಹತ್ತಿದ್ಯಲ್ಲ. ಖರೆ ಹೇಳು. ನಾ ಓಡು ಅಂದೆನ?"

ಸತ್ಯಭಾಮಾ ಅವರ ಕೈಯಲ್ಲಿ ತುಪ್ಪದ ಚಮಚವಿತ್ತು. ಹೌದು ಎಂದರೆ ಇವರು ನಾಳೆಯೇ ಕಾಲೇಜಿಗೆ ಹೋಗಿ ಟೊಪ್ಪಿಗೆ ಮೇಜಿನ ಮೇಲೆ ಇಟ್ಟು ಬರುವ ಜಾತಿಯ ಮನುಷ್ಯ. ಸನ್ಮಾನಕ್ಕೆ ಉಳಿದದ್ದು ಐದು ವಾರ.

"ಇಲ್ಲರಿ," ಎಂದರು. "ಎದೀನ ಮುಟ್ಟಿದ್ರಿ."

"ಖಾತ್ರಿ?"

"ಮೂವತ್ತು ವರ್ಷ ನೋಡೇನಿ, ಅಷ್ಟು ತಿಳ್ಯೂದಿಲ್ಲೇನು ನನಗ? ರೊಟ್ಟಿ ಆರ್ತದ, ಉಣ್ರಿ."

ಅವರು ಮುಖವೆತ್ತಿ ನಿಡಿದಾಗಿ ಉಸಿರುಬಿಟ್ಟರು. ಆ ದಿನ ಕೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಸೋಮವಾರ ಡೆವನ್‌ನನ್ನು ಮತ್ತೆ ಕರೆದು ಕೇಳಿದರು. ಅವನು ಅದನ್ನೇ ಹೇಳಿದ. ಸುಳ್ಳು ಹೇಳುವವನಿಗೆ ತಮ್ಮ ತಂಡದಲ್ಲಿ ಜಾಗವಿಲ್ಲ ಎಂದು ಹೆಸರು ತೆಗೆದರು.

ಅದೇ ವಾರ ಈಶಾ ಅಡುಗೆಮನೆಗೆ ಬಂದಳು. ಆಟಗಳನ್ನು ಮನೆಯ ಹಳೆಯ ವಿಡಿಯೋ ಕ್ಯಾಮೆರಾದಲ್ಲಿ ಪುಟ್ಟ ಕ್ಯಾಸೆಟ್ ಹಾಕಿ ಹಿಡಿಯುವುದು ಅವಳ ಕೆಲಸ. ಸಾಧಾರಣವಾಗಿ ಸೋಮವಾರ ಅಜ್ಜ ಅದನ್ನು ನೋಡುವರು. ಈ ಸಲ ಸೋತ ಆಟ ನೋಡಲು ಮನಸ್ಸಾಗದೆ ಬಿಟ್ಟಿದ್ದರು.

"ಅಜ್ಜಿ, ಲುಕ್. ಹಿ ಟಚ್ಡ್ ದ ಬೆಲ್ಟ್. ಟ್ವೈಸ್."

ಕ್ಯಾಮೆರಾದ ಬೆರಳುದ್ದದ ಪರದೆಯ ಮೇಲೆ ಗಂಡನ ಕೈ ನಡುಗಿ ಪಟ್ಟಿ ಬಡಿಯುವುದನ್ನು ಸತ್ಯಭಾಮಾ ಎರಡನೆಯ ಸಲ ನೋಡಿದರು.

"ಯಾರಿಗರ ತೋರ್ಸಿದೇನು?"

"ನೋ. ಬಟ್ ವಿ ಹ್ಯಾವ್ ಟು ಟೆಲ್ ಅಜ್ಜ. ಡೆವನ್ ಈಸ್ ಔಟ್ ಬಿಕಾಸ್ ಆಫ್ ದಿಸ್!"

"ಹೇಳೋಣು. ಸೀಸನ್ ಮುಗೀಲಿ, ನಾನಾ ಹೇಳ್ತೀನಿ. ನಿಮ್ಮ ಅಜ್ಜನ ಕೈ ಕಂಡೀಯಲ್ಲ? ಅದ ಕೈಲೆ ಸನ್ಮಾನ ತಗೊಳ್ಳಲಿ, ಒಂದು ಸಲ. ಆಣಿ ಮಾಡು, ಯಾರ ಮುಂದೂ ಅನ್ನೂದಿಲ್ಲಂತ."

ಈಶಾ ಆಣೆ ಮಾಡಲಿಲ್ಲ. ಆದರೆ ಸುಮ್ಮನಾದಳು. ಅಂದಿನಿಂದ ಅಜ್ಜಿ ಬಡಿಸಿದರೆ "ಐ ಕ್ಯಾನ್ ಸರ್ವ್ ಮೈಸೆಲ್ಫ್" ಎನ್ನತೊಡಗಿದಳು.

ಮನೆಯಲ್ಲಿ ಆ ಕ್ಯಾಸೆಟ್ ಇರುವವರೆಗೆ ಸತ್ಯಭಾಮಾ ಅವರಿಗೆ ಅನ್ನ ಸೇರಲಿಲ್ಲ. ಅಕ್ಟೋಬರ್ ಒಂದರಂದು ಅವರ ಬೇಸ್‌ಮೆಂಟಿನಲ್ಲೇ ನವರಾತ್ರಿಯ ಭಜನೆ. ಹದಿನಾಲ್ಕು ಹೆಂಗಸರು, ದೇವಿಯ ಮುಂದೆ ದೀಪ. ವಿಡಿಯೋ ಹಿಡಿಯುವವರು ಯಾರು ಎಂಬ ಮಾತು ಬಂದಾಗ, "ನಾನಾ ಹಿಡೀತೀನಿ," ಎಂದು ಎದ್ದರು. ಹೊಸ ಕ್ಯಾಸೆಟ್ ಕಪಾಟಿನಲ್ಲಿತ್ತು. ಅವರು ಹದಿನೇಳನೆಯ ತಾರೀಖಿನದನ್ನು ಮೊದಲಿಗೆ ಸುತ್ತಿಸಿ, ಅದರ ಮೇಲೆಯೇ ಹಿಡಿಯಲು ಕೆಂಪು ಗುಂಡಿ ಒತ್ತಿದರು. ದೇವಿ ತನ್ನ ಆರತಿಯ ಕೆಳಗೆ ಏನಿದ್ದರೂ ಮುಚ್ಚಿಕೊಳ್ಳುತ್ತಾಳೆ ಎಂದು ಮನಸ್ಸಿಗೆ ಹೇಳಿಕೊಂಡರು. ಒಂದು ತಾಸು ಅಲುಗದಂತೆ ಕ್ಯಾಮೆರಾ ಹಿಡಿದರು. ಅವರ ಕೈ ನಡುಗಲಿಲ್ಲ.

ಸೋಮವಾರ ಮಧ್ಯಾಹ್ನ ಬಾಗಿಲ ಗಂಟೆ ಬಾರಿಸಿತು. ಡೆವನ್‌ನ ತಾಯಿ. ಶಿಫ್ಟು ಮುಗಿಸಿ ಎರಡು ಬಸ್ಸು ಬದಲಿಸಿ ಬಂದಿದ್ದಳು. ಕೈಯಲ್ಲಿ ಮಗನ ಹದಿನಾಲ್ಕನೆಯ ನಂಬರಿನ ಜೆರ್ಸಿ, ಒಗೆದು ಇಸ್ತ್ರಿ ಮಾಡಿ ಮಡಚಿದ್ದು. ಕೋಚು ಮನೆಯಲ್ಲಿರಲಿಲ್ಲ.

"ವಾಪಸ್ ಕೊಡಬೇಕಂತೆ, ಅದಕ್ಕೇ ತಂದಿದ್ದೇನೆ," ಎಂದಳು ಇಂಗ್ಲಿಷಿನಲ್ಲಿ. "ಆದರೆ ನೀವು ಅಲ್ಲಿದ್ದಿರಿ ಅಂತ ಡೆವನ್ ಹೇಳಿದ. ಮಿಸೆಸ್ ವಿ ಎಲ್ಲ ಸನ್ನೆ ಬಲ್ಲರು, ಅವರನ್ನು ಕೇಳಮ್ಮ ಅಂದ. ಎಂಟನೇ ತಾರೀಖಿಗೆ ಇನ್ನೂ ಐದು ದಿನ ಇದೆ. ನನ್ನ ಮಗ ಸುಳ್ಳುಗಾರ ಅಲ್ಲ."

ಸತ್ಯಭಾಮಾ ಆಕೆಯನ್ನು ಅಡುಗೆಮನೆಯಲ್ಲಿ ಕೂಡಿಸಿದರು. ಹಾಲು ಕಾಯಿಸಿದರು. ಸಕ್ಕರೆ ಎಷ್ಟು ಎಂದು ಕೇಳಿದರು. ಕಾಫಿ, ಒಂದು ತಟ್ಟೆಯಲ್ಲಿ ಚಕ್ಕಲಿ. ಆಕೆ ಚಕ್ಕಲಿ ಮುಟ್ಟದೆ ಕಾಯುತ್ತಿದ್ದಳು.

"ಕೋಚಿಗೆ ಹೇಳುತ್ತೇನೆ, ನೀವು ಬಂದಿದ್ದಿರಿ ಅಂತ," ಎಂದರು ಸತ್ಯಭಾಮಾ. ಹೇಳಲಿಲ್ಲ. ಜೆರ್ಸಿಯನ್ನು ಮೇಲಿನ ಕಪಾಟಿನಲ್ಲಿ ಚಾದರಗಳ ಕೆಳಗೆ ಇಟ್ಟರು.

ಗುರುವಾರ ವಿಜಯದಶಮಿ. ಧಾರವಾಡದಿಂದ ತಂಗಿ ವಸಂತಾ ಪ್ರತಿ ವರ್ಷ ಲಕೋಟೆಯಲ್ಲಿ ಒಣಗಿದ ಬನ್ನಿ ಎಲೆ ಕಳಿಸುವಳು. ಸಂಜೆ ದೇವರ ಮುಂದೆ ಎಲ್ಲರೂ ನಿಂತರು. ವರ್ಷದ ಜಗಳ, ಮುನಿಸು ಮರೆತು ಬನ್ನಿ ಕೊಟ್ಟುಕೊಳ್ಳುವ ದಿನ. ಈಶಾ ಬಗ್ಗಿ ಅಜ್ಜನ ಕೈಗೆ ಎಲೆ ಕೊಟ್ಟಳು. ಅವರ ಅಂಗೈ ಎಷ್ಟು ಅಲುಗಿತೆಂದರೆ ಎಲೆಗಳೆಲ್ಲ ನೆಲದ ಮೇಲೆ ಚೆಲ್ಲಿದವು. ಬಗ್ಗಿ ಆರಿಸಲು ಹೋದರು; ಬೆರಳು ಎಲೆಯ ಪಕ್ಕದ ನೆಲವನ್ನೇ ಮುಟ್ಟಿ ಮುಟ್ಟಿ ಬಂತು.

ರಾಧಿಕಾಳೇ ಎಲೆ ಆರಿಸಿ ಎದ್ದು ಅಂದಳು: "ಸಾಕು. ಇನ್ನು ನಾನು ಯಾರನ್ನೂ ಕೇಳಲ್ಲ."

ಡಾಕ್ಟರ್ ಲಕ್ಷ್ಮೀನಾರಾಯಣ ಸಮಯ ಕೊಟ್ಟದ್ದು ಮುಂದಿನ ಬುಧವಾರ. ನಡುವೆ ಎಂಟನೆಯ ತಾರೀಖು ಬಂದು ಹೋಯಿತು. ಅಮೆರಿಕದ ಮನುಷ್ಯ ಬಂದು, ಡೆವನ್ ಇಲ್ಲದ್ದನ್ನು ನೋಡಿ, ಎರಡನೆಯ ಸರದಿಗೇ ಎದ್ದುಹೋದ.

ಡಾಕ್ಟರು ಕೈ ಹಿಡಿದು ನೋಡಿದರು, ನಡೆಸಿದರು, ಬರೆಸಿದರು. "ಪಾರ್ಕಿನ್ಸನ್ಸ್ ಅನ್ಸುತ್ತೆ ಮೇಷ್ಟ್ರೇ. ಸ್ಪೆಷಲಿಸ್ಟ್‌ಗೆ ಬರೆದುಕೊಡ್ತೀನಿ. ಎಷ್ಟು ತಿಂಗಳಾಯ್ತು?"

"ಜೂನ್‌ನಿಂದ. ಆದ್ರ ನಾ ಅದನ್ನ ಹತೋಟಿಯೊಳಗ ಇಟ್ಟೇನಿ."

"ನೀವು ಇಟ್ಟಿದೀನಿ ಅಂದ್ಕೊಂಡಿರ್ತೀರಿ. ನಿಮಗೇ ಗೊತ್ತಾಗದ ಹಾಗೆ ಎಷ್ಟೋ ಸಲ ಅದರ ಪಾಡಿಗೆ ಅದು ಅಲ್ಲಾಡಿರುತ್ತೆ. ಎದುರಿಗಿರೋರಿಗೆ ಕಾಣುತ್ತೆ, ನಿಮಗಲ್ಲ."

ಮನೆಗೆ ಬಂದ ವಿಶ್ವೇಶ್ವರ ಕೋಟು ಕೂಡ ತೆಗೆಯಲಿಲ್ಲ. "ಈಶಾ, ಹದಿನೇಳನೇ ತಾರೀಖಿನ ಕ್ಯಾಸೆಟ್ ಹಚ್ಚು."

ಟಿವಿಯಲ್ಲಿ ದೀಪ ಬಂತು. ಹದಿನಾಲ್ಕು ಹೆಂಗಸರು, ತಾಳ, ದೇವಿಯ ಮುಖ. ಈಶಾ ನಿಲ್ಲಿಸಲು ಹೋದಳು. "ಇರಲಿ," ಎಂದರು. ಕೋಟಿನಲ್ಲೇ ಕುಳಿತು ಇಡೀ ಒಂದು ತಾಸು ಭಜನೆ ನೋಡಿದರು, ಕೆಳಗೆ ಎಲ್ಲಾದರೂ ಒಂದು ತುಣುಕು ಉಳಿದಿದೆಯೇ ಎಂದು. ಉಳಿದಿರಲಿಲ್ಲ. ಟಿವಿ ಕಪ್ಪಾದ ಮೇಲೆ ಹೆಂಡತಿಯ ಕಡೆ ತಿರುಗಿದರು.

"ಸತ್ಯಾ."

ಸತ್ಯಭಾಮಾ ನಿಂತಲ್ಲೇ ಬಲಗೈ ಎತ್ತಿ ಎಡತೋಳನ್ನು ಭುಜದಿಂದ ಮಣಿಕಟ್ಟಿನವರೆಗೆ ಸವರಿದರು. ಇದುವರೆಗೆ ಹೇಳಿದ್ದೆಲ್ಲ ರದ್ದು.

ಗಂಡನಿಗೆ ತಿಳಿಯಿತು. ಕೂಗಾಡಲಿಲ್ಲ. ಕೂಗಾಡಿದವನು ಸಾಕೇತ.

"ಅವ್ವಾ, ವಾಟ್ ಡಿಡ್ ಯು ಡೂ? ಆ ಹುಡುಗನ ಲೈಫು!"

"ನಿಮ್ಮ ಅಪ್ಪನ ಸಲುವಾಗಿ..."

"ಅಪ್ಪನ ಸಲುವಾಗಿ! ತೊಂಬತ್ತಮೂರರಾಗ ನನ್ನ ಮ್ಯಾಲೂ ನೀನಾ ಸಾಕ್ಷಿ ಹೇಳಿದ್ದೆ. ದಟ್ ಆಲ್ಸೋ? ಅದೂ ಹಂಗ ಏನು?"

"ಇಲ್ಲೋ ಸಾಕೇತಾ. ಅದು ಖರೆ ಇತ್ತು. ದೇವರಾಣಿ, ಅದು ಖರೆ."

"ನಾ ಹೆಂಗ ನಂಬಲಿ?" ಎಂದ ಸಾಕೇತ. ಹದಿನೆಂಟು ವರ್ಷದ ಹಿಂದಿನ ನಿಜವೂ ಆ ಹೊತ್ತಿಗೆ ಸುಳ್ಳಾಗಿ ಹೋಯಿತು.

ಸಂಜೆ ಸಾಕೇತನೇ ಕಾರು ತೆಗೆದ. ಮಾಲ್ಟನ್ನಿನ ಮನೆಯ ಬಾಗಿಲಲ್ಲಿ ವಿಶ್ವೇಶ್ವರ ಟೊಪ್ಪಿಗೆ ತೆಗೆದು ಎಡಗೈಯಲ್ಲಿ ಹಿಡಿದು ನಿಂತರು. ಬಲಗೈಯನ್ನು ಜೇಬಿಗೆ ಹಾಕಲಿಲ್ಲ. ಆ ಕೈಯಲ್ಲಿ ನಾಲ್ಕು ಬನ್ನಿ ಎಲೆ ಇದ್ದವು. ಕಿರಿಯರು ಹಿರಿಯರಿಗೆ ಕೊಡುವ ಎಲೆ. ಆ ದಿನ ತಿರುಗುಮುರುಗು. ಸತ್ಯಭಾಮಾ ಜೆರ್ಸಿ ಹಿಡಿದು ಹಿಂದೆ ನಿಂತಿದ್ದರು.

"ನನ್ನ ಕೈಯ ತಪ್ಪು," ಎಂದರು ಕೋಚು. "ನಿಮ್ಮ ಮಗ ಹೇಳಿದ್ದೇ ನಿಜ. ಅವನಿಗೆ ಎದುರಿನಲ್ಲಿ ಹೇಳಬೇಕು."

"ಅವನು ಹೋದ. ಭಾನುವಾರ. ಆಲ್ಬರ್ಟಾಗೆ, ತೈಲದ ಕೆಲಸಕ್ಕೆ. ಕಾಲೇಜು ಬೇಡ ಅಂದ." ಆಕೆ ನಡುಗುವ ಎಲೆಗಳನ್ನು ನೋಡಿದಳು. ಆಮೇಲೆ ಅವರ ಭುಜದ ಆಚೆ ಸತ್ಯಭಾಮಾ ಅವರನ್ನು. "ನಾನು ನಿಮ್ಮ ಅಡುಗೆಮನೆಯಲ್ಲಿ ಕೂತಾಗ ನಿಮಗೆ ಗೊತ್ತಿತ್ತೇ?"

ಸತ್ಯಭಾಮಾ ಹೌದೆಂದು ತಲೆಯಾಡಿಸಿದರು.

"ನೀವು ನನಗೆ ಕಾಫಿ ಮಾಡಿ ಕೊಟ್ಟಿರಿ," ಎಂದಳು ಆಕೆ. ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡಳು. ಜೆರ್ಸಿ ಕೈಯಲ್ಲೇ ಉಳಿಯಿತು.

ಮಾರನೆಯ ದಿನ ವಿಶ್ವೇಶ್ವರ ತಂಡದ ಎದುರು ನಿಂತು ತಮ್ಮದೇ ನಿಯಮದಂತೆ "ನಾನು ತಪ್ಪಿಸಿದೆ" ಎಂದು ಹೇಳಿ ಬಂದರು. ಅಮೆರಿಕದ ವಿಶ್ವವಿದ್ಯಾಲಯಕ್ಕೂ ಬರೆದರು. ಆ ಜಾಗ ತುಂಬಿದೆ ಎಂದು ಎರಡು ಸಾಲಿನ ಉತ್ತರ ಬಂತು. ಸನ್ಮಾನಕ್ಕೆ ಕಾಲೇಜಿನವರು ಎಷ್ಟು ಕರೆದರೂ ಹೋಗಲಿಲ್ಲ. ಹೆಸರು ಕೆತ್ತಿದ ಫಲಕ ಅಂಚೆಯಲ್ಲಿ ಬಂದು, ಪೊಟ್ಟಣ ಬಿಚ್ಚದೆ ಬೇಸ್‌ಮೆಂಟು ಸೇರಿತು.

ಆಮೇಲೆ ಮನೆಯಲ್ಲಿ ಜಗಳವಿರಲಿಲ್ಲ. ಸತ್ಯಭಾಮಾ ಚಮಚದಿಂದ ಉಣಿಸಿದರೆ ವಿಶ್ವೇಶ್ವರ ಉಣ್ಣುತ್ತಿದ್ದರು, ಅಂಗಿಯ ಗುಂಡಿ ಹಾಕಿದರೆ ಹಾಕಿಸಿಕೊಳ್ಳುತ್ತಿದ್ದರು. "ಉಪ್ಪು ಸಾಕೇನ್ರಿ?" ಎಂದರೆ "ಸಾಕು." ಆದರೆ ನಾಲ್ಕು ಜನರ ನಡುವೆ ಕುಳಿತಾಗ ತಲೆ ಕೆರೆದು ನಡುಪಟ್ಟಿ ಮುಟ್ಟುವುದು ನಿಂತುಹೋಯಿತು. ಹೊರಡಬೇಕೆನಿಸಿದರೆ ಎಲ್ಲರಂತೆ ಬಾಯಿಬಿಟ್ಟು, "ಹೋಗೂಣು," ಎನ್ನುತ್ತಿದ್ದರು. ಸತ್ಯಭಾಮಾ ಅವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಪ್ರತಿ ವಿಜಯದಶಮಿಗೆ ಡೆವನ್‌ಗೆ ಒಂದು ಪತ್ರ. ಅಜ್ಜ ಹೇಳುವರು, ಈಶಾ ಬರೆಯುವಳು, ಒಳಗೆ ಎರಡು ಬನ್ನಿ ಎಲೆ. ಮಾಲ್ಟನ್ನಿನ ವಿಳಾಸಕ್ಕೇ ಹೋಗುತ್ತಿತ್ತು. 2015ರವರೆಗೆ ನಾಲ್ಕು ಪತ್ರ. ಒಂದಕ್ಕೂ ಉತ್ತರವಿಲ್ಲ, ಒಂದೂ ಹಿಂದಿರುಗಿ ಬರಲಿಲ್ಲ.

ಆ ವರ್ಷದ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಇಬ್ಬರೂ ಮನೆಯ ಹತ್ತಿರದ ಪಾರ್ಕಿಗೆ ಹೋಗಿದ್ದರು. ಚಿಕ್ಕ ಮಕ್ಕಳ ಬೇಸ್‌ಬಾಲ್ ನಡೆದಿತ್ತು. ಅದೇ ಮಡಚುವ ಕುರ್ಚಿಗಳು. ಆ ಹೊತ್ತಿಗೆ ವಿಶ್ವೇಶ್ವರರ ಎರಡೂ ಕೈ ನಿಲ್ಲುತ್ತಿರಲಿಲ್ಲ. ಯಾವಾಗಲೋ ಬಲಗೈ ಮೇಲೆದ್ದಿತು. ಟೊಪ್ಪಿಗೆಯ ಅಂಚಿಗೆ ತಾಗಿತು. ಅಲ್ಲಿಂದ ಎಡಭುಜದ ಮೇಲೆ ಬಿದ್ದು, ತೋಳಿನುದ್ದಕ್ಕೂ ನಡುಗುತ್ತ ನಡುಗುತ್ತ ಮಣಿಕಟ್ಟಿನವರೆಗೆ ಇಳಿಯಿತು.

ಸತ್ಯಭಾಮಾ ಗಂಡನ ಕಡೆ ಬಾಗಿದರು. "ಏನ್ರಿ? ಏನಂದ್ರಿ?"

ಅವರು ಆಟದಿಂದ ಕಣ್ಣು ತೆಗೆಯಲಿಲ್ಲ. "ಥಂಡಿ ಅದ," ಎಂದರು. "ಹೋಗೂಣು."

ಅದು ಹಿಂದಿನದೆಲ್ಲ ರದ್ದು ಎಂಬ ಸನ್ನೆಯೋ, ಬರೀ ರೋಗವೋ ಸತ್ಯಭಾಮಾ ಅವರಿಗೆ ತಿಳಿಯಲಿಲ್ಲ. ಮತ್ತೆ ಕೇಳುವ ಧೈರ್ಯವೂ ಆಗಲಿಲ್ಲ. ಡೆವನ್ ಆ ಪತ್ರಗಳನ್ನು ಓದಿದನೋ ಇಲ್ಲವೋ ಗೊತ್ತಿಲ್ಲ. ಆ ಕೈ ಏನು ಹೇಳಿತು ಎಂಬುದೂ ಗೊತ್ತಿಲ್ಲ.